ಗಡಿಯಾರದವನ ಲಿಲ್ಲಿ

ನಮ್ಮ ಕಡೆ ಹೂವಿನ ಗಿಡವನ್ನು ದುಡ್ಡು ಕೊಟ್ಟು ತರುವುದೆಂದರೆ ಒಂದು ಬಗೆಯ ಸೋಲು. ಮದುವೆಗೋ ತಿಥಿಗೋ ಹೋದ ಹೆಂಗಸರು ಎಲೆ ಹಾಕುವ ತನಕ ಆ ಮನೆಯ ಅಂಗಳದಲ್ಲೇ ಸುತ್ತುತ್ತಿರುತ್ತಾರೆ. ಹೊರಡುವಾಗ ಕೈಚೀಲದಲ್ಲಿ ಡೇರೆ ಗೆಡ್ಡೆಯೋ ಲಿಲ್ಲಿ ಮರಿಯೋ ಇರಲೇಬೇಕು. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಬದುಕುತ್ತದೆ ಎಂಬ ಶಾಸ್ತ್ರ ಬೇರೆ! ನಮ್ಮತ್ತೆ ತೀರ್ಥಹಳ್ಳಿ ಕಡೆಯಿಂದ ತಂದ ಕೆಂಪು ಲಿಲ್ಲಿ ಕೇಳಿದ್ದೋ ಕದ್ದದ್ದೋ ನಾನು ವಿಚಾರಿಸಿಲ್ಲ. ಕೆಂಪು ಎಸಳಿನ ನಡುವೆ ಬಿಳಿ ಗೀರು. ಏಪ್ರಿಲ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ದಂಟು ನೆಟ್ಟಗೆ ಎದ್ದು ನಿಲ್ಲುತ್ತದೆ.

ಹಾಗೆ ನೋಡಿದರೆ ಇದು ಲಿಲ್ಲಿಯೇ ಅಲ್ಲ, ಹಿಪ್ಪಿಯಾಸ್ಟ್ರಮ್. ಮೂಲ ದಕ್ಷಿಣ ಅಮೆರಿಕ. ಸಸ್ಯಶಾಸ್ತ್ರಜ್ಞರು ಈಗ ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಇದರ ಕುಟುಂಬಕ್ಕೇ ಸೇರಿಸಿದ್ದಾರೆ. ಈರುಳ್ಳಿ ಮುಟ್ಟದ ಅತ್ತೆಗೆ ಇದನ್ನು ಹೇಳಿದಾಗ, "ಹೂವಿಗೆಂಥ ಮಡಿ, ಸುಮ್ನಿರೆ ಮಾರಾಯ್ತಿ" ಅಂದರು. ನೆಂಟಸ್ತನವೇನೋ ಸರಿ, ಬಾಯಿಗೆ ಮಾತ್ರ ಹಾಕಬಾರದು. ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ, ವಾಂತಿ ಮಾಡಿಸುತ್ತದೆ.

ಇದರಲ್ಲಿ ಮೊದಲ ಮಿಶ್ರತಳಿ ಮಾಡಿದವನು ಇಂಗ್ಲೆಂಡಿನ ಪ್ರೆಸ್ಕಾಟ್ ಎಂಬ ಊರಿನಲ್ಲಿ ಗಡಿಯಾರ ಮಾಡುತ್ತಿದ್ದ ಆರ್ಥರ್ ಜಾನ್ಸನ್. ಇಸವಿ 1799, ಇಲ್ಲಿ ಶ್ರೀರಂಗಪಟ್ಟಣ ಬಿದ್ದ ವರ್ಷ. ಕೆಂಪು ಹೂವಿನ ರೆಜಿನೆಯನ್ನೂ ಬಿಳಿಯ ಮೇಲೆ ಕೆಂಪು ಪಟ್ಟೆಯ ವಿಟ್ಟೇಟಮ್ಮನ್ನೂ ಕೂಡಿಸಿದ. ಸಣ್ಣ ಸಣ್ಣ ಹಲ್ಲುಚಕ್ರಗಳನ್ನು ಕೂರಿಸಿ ಪಳಗಿದ ಬೆರಳಿಗೆ ಪರಾಗ ಮುಟ್ಟಿಸುವುದೇನು ಮಹಾ! ಹುಟ್ಟಿದ ಗಿಡದಲ್ಲಿ ಕೆಂಪಿನ ಮೇಲೆ ಬಿಳಿ ಗೀರಿನ ಹೂ ಬಿಟ್ಟಿತು. ಅದರ ಗೆಡ್ಡೆಗಳನ್ನು ಅವನು ಲಿವರ್‌ಪೂಲಿನ ಸಸ್ಯೋದ್ಯಾನಕ್ಕೂ ಕೊಟ್ಟಿದ್ದ. ಮುಂದೆ ಅವನ ಗಾಜಿನ ಮನೆ ಹಾಳಾಯಿತು, ತಳಿ ಉಳಿದದ್ದು ಹಾಗೆ ಕೊಟ್ಟದ್ದರಿಂದ. ಅದಕ್ಕೆ ಇವತ್ತಿಗೂ ಜಾನ್ಸನ್ನನದೇ ಹೆಸರು.

ಬೀಜದಿಂದ ಬಂದದ್ದು ತಾಯಿಯಂತೆಯೇ ಇರಬೇಕೆಂದಿಲ್ಲ. ಹೂ ಬಾಡಿದ ಮೇಲೆ ಕಾಯಿ ಒಡೆದು ಕಪ್ಪು ಕಾಗದದ ಚೂರಿನಂಥ ಬೀಜ ಉದುರುತ್ತವೆ. ಆರಿಸಿ ಬಿತ್ತಿದರೆ ಹೂ ಕಾಣಲು ಮೂರು ವರ್ಷವಾದರೂ ಬೇಕು. ಚಾಕು ಹಿಡಿಯುವ ದಾರಿಯೂ ಇದೆ: ಗೆಡ್ಡೆಯನ್ನು ಉದ್ದಕ್ಕೆ ಎಂಟು ಹೋಳು ಮಾಡಿ, ಪ್ರತಿ ಹೋಳಿಗೂ ಬೇರು ಹೊರಡುವ ತಳದ ಒಂದು ಚೂರು ಉಳಿಸಿ, ಒದ್ದೆ ಮರಳಿನಲ್ಲಿಟ್ಟರೆ ಪದರಗಳ ನಡುವೆ ಪುಟಾಣಿ ಗೆಡ್ಡೆಗಳು ಮೂಡುತ್ತವೆ. ಅತ್ತೆಯೆದುರು ಈ ಕೆಲಸಕ್ಕೆ ನಾನು ಕೈಹಾಕಿಲ್ಲ. ಮನೆಯಂಗಳಕ್ಕೆ ಅದು ಬೇಕಾಗಿಯೂ ಇಲ್ಲ. ಗೆಡ್ಡೆ ತಾನಾಗಿ ಮಗ್ಗುಲಲ್ಲಿ ಮರಿ ಹಾಕುತ್ತದೆ, ಮರಿಗೆ ಸ್ವಂತ ಬೇರು ಬಂದಮೇಲೆ ಕೈಯಲ್ಲೇ ಬಿಡಿಸಬಹುದು. ಮರಿ ಅನ್ನುತ್ತೇವೆ ಅಷ್ಟೇ, ಅದು ಅದೇ ಗಿಡ. ಬಣ್ಣ, ಗೀರು ಎಲ್ಲ ಹಾಗೆಯೇ.

ನೆಡುವಾಗ ಸುಡುಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು. ಗೆಡ್ಡೆಯ ಕತ್ತು ಮಣ್ಣಿನ ಮೇಲಿರಲಿ. ಪೂರ್ತಿ ಹೂತರೆ ನಮ್ಮ ಜಡಿಮಳೆಗೆ ಕೊಳೆಯುತ್ತದೆ. ಮಳೆ ಹಿಡಿದಮೇಲೆ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಯ ಹುಳುಗಳು ಬರುತ್ತವೆ. ನೋಡಲು ಚಂದ, ರಾತ್ರಿ ಬೆಳಗಾಗುವುದರೊಳಗೆ ಎಲೆ ಖಾಲಿ. ಔಷಧಿ ಹೊಡೆಯುವುದಕ್ಕಿಂತ ಆರಿಸಿ ತೆಗೆಯುವುದೇ ವಾಸಿ.

ನಿಮ್ಮಲ್ಲಿ ಲಿಲ್ಲಿ ಬರೀ ಎಲೆ ಬಿಡುತ್ತಿದೆಯೇ? ಬಿಸಿಲು ಬೀಳುತ್ತದೋ ನೋಡಿ. ಬೀಳುತ್ತಿದ್ದರೆ ಚಳಿಗಾಲದಲ್ಲಿ ಗುಂಪು ಅಗೆದು ಬಿಡಿಸಿ. ನಿಮಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಬೇಲಿಯಾಚೆ ಎಸೆಯದೆ ನಾಲ್ಕು ಮನೆಗೆ ಕೊಡಿ. ನಿಮ್ಮದು ಕೊಳೆತುಹೋದ ವರ್ಷ ಕೇಳಿಕೊಂಡು ಹೋಗಲು ಒಂದು ಅಂಗಳವಾದರೂ ಇರುತ್ತದೆ.