ಹದಿನಾರು ಮೆಟ್ಟಿಲು

ಮಾರಿಷಸ್‌ಗೆ ಹೋಗ್ತಿದೀನಿ ಅಂದಾಗ ಟೀಮಿನವರೆಲ್ಲ ಕೇಳಿದ್ದು ಒಂದೇ, "ಹನಿಮೂನಾ?" ಹನಿಮೂನಲ್ಲ, ಎರಡು ವಾರದ ಕ್ಲೈಂಟ್ ಕೆಲಸ. ಜೊತೆಗೆ ಯಾರಿಗೂ ಹೇಳದ ಇನ್ನೊಂದು ವಿಷಯ ಮೇಲ್‌ಬಾಕ್ಸಿನಲ್ಲಿತ್ತು: ಕೆನಡಾದಲ್ಲಿ ಮೂರು ವರ್ಷದ ಕೆಲಸದ ಆಫರ್. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಅಮ್ಮನಿಗೂ ಹೇಳಿರಲಿಲ್ಲ.

ಶನಿವಾರ ಅಲ್ಲಿನ ಸಹೋದ್ಯೋಗಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ ಕರ್ಕೊಂಡು ಹೋದ. ಬಂದರಿನ ಪಕ್ಕ ಹದಿನಾರು ಕಲ್ಲಿನ ಮೆಟ್ಟಿಲು, ಒಂದಿಷ್ಟು ಹಳೇ ಗೋಡೆ. ಇಷ್ಟೇನಾ ಅನಿಸಿತು. ಆಮೇಲೆ ಅವನು ಹೇಳ್ತಾ ಹೋದ. 1835ರಲ್ಲಿ ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಬ್ರಿಟಿಷರು ಕರಾರು ಬರೆಸಿಕೊಂಡು ಬಿಹಾರ, ಮದ್ರಾಸ್, ಮರಾಠಿ ಸೀಮೆಯಿಂದ ಜನರನ್ನು ಹಡಗಿನಲ್ಲಿ ತಂದರು. ಒಟ್ಟು ಹತ್ತಿರ ಹತ್ತಿರ ಐದು ಲಕ್ಷ ಮಂದಿ. ಪ್ರತಿಯೊಬ್ಬರಿಗೂ ಒಂದೊಂದು ನಂಬರು. ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಬರೆದ ಹೆಸರೇ ಮುಂದೆ ಮನೆತನದ ಹೆಸರು.

ಇವನ ಅಜ್ಜನ ಅಜ್ಜ ಮದ್ರಾಸಿನಲ್ಲಿ ಹಡಗು ಹತ್ತಿದವರು. ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿರೋ ದಾಖಲೆಯಲ್ಲಿ ನಂಬರು ಸಿಕ್ಕಿತಂತೆ. ಊರಿನ ಹೆಸರು ಮಾತ್ರ ಓದೋಕಾಗಲಿಲ್ಲ. "ಐದು ವರ್ಷಕ್ಕೆ ಅಂತ ಬಂದಿದ್ದರು," ಅಂದ. ನಾನು ಸುಮ್ಮನಾದೆ.

ಅಂಥದ್ದೇ ಒಬ್ಬ ಕೂಲಿಯ ಮಗ ಶಿವಸಾಗರ ರಾಮಗುಲಾಮ್. 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾದಾಗ ಮೊದಲ ಪ್ರಧಾನಿ ಅವರೇ. ಗಾಂಧೀಜಿ ದಂಡಿಗೆ ಹೊರಟದ್ದೂ ಮಾರ್ಚ್ 12ರಂದೇ. ಕಥೆ ಚೆಂದ. ಆದರೆ ಅಲ್ಲಿಂದ ಇಲ್ಲಿಯವರೆಗೆ, 2003ರಿಂದ 2005ರವರೆಗಿನ ಪಾಲ್ ಬೆರಾಂಜೆ ಬಿಟ್ರೆ, ಕುರ್ಚಿ ಸುತ್ತಿದ್ದು ರಾಮಗುಲಾಮ್, ಜುಗ್ನಾಥ್ ಎಂಬ ಎರಡೇ ಮನೆಗಳಲ್ಲಿ. 2024ರಲ್ಲಿ ಮತ್ತೆ ಗೆದ್ದಿದ್ದು ಅದೇ ಶಿವಸಾಗರರ ಮಗ ನವೀನ್. "ನಮ್ಮಲ್ಲೂ ಹೀಗೇನೇ," ಅಂದೆ. ಇಬ್ಬರೂ ನಕ್ಕೆವು.

ಭಾಷೆಯ ಜಗಳವೂ ನಮ್ಮ ಹಾಗೇ. ನೋಟಿನ ಮೇಲೆ ಇಂಗ್ಲಿಷ್, ತಮಿಳು, ಹಿಂದಿ ಮೂರೂ ಇವೆ. 1998ರಲ್ಲಿ ತಮಿಳಿಗಿಂತ ಮೇಲೆ ಹಿಂದಿ ಅಚ್ಚಾಯಿತು ಅಂತ ಗಲಾಟೆಯಾಗಿ ಹೊಸ ನೋಟೇ ಮುದ್ರಿಸಬೇಕಾಯಿತು. ಬೀದಿಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಕ್ರಿಯೋಲ್. ಇಲ್ಲಿಗೆ ಮೊದಲೇ ಬಂದಿದ್ದ ಆಫ್ರಿಕದ ಗುಲಾಮರ ಸೆಗಾ ಹಾಡು-ಕುಣಿತ ಈಗ ಎಲ್ಲರದ್ದೂ ಆಗಿದೆ. ಶಿವರಾತ್ರಿಗೆ ಕಾವಡಿ ಹೊತ್ತು ಗಂಗಾ ತಲಾವ್ ಕೆರೆಗೆ ನಡೆದು ಹೋಗ್ತಾರೆ.

ಮಾರ್ಕೆಟ್ ಹತ್ತಿರ ದಾಲ್ ಪೂರಿ ಕೊಡಿಸಿದ. ಬೇಳೆ ತುಂಬಿ ಲಟ್ಟಿಸಿದ್ದು, ಬೆಲ್ಲ ಇಲ್ಲದ ಹೋಳಿಗೆ ಅಂದ್ಕೊಳ್ಳಿ. ಜೊತೆಗೆ ಖಾರ ಚಟ್ನಿ. ಮೂರು ಜೋಡಿ ತಿಂದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಮೆಟ್ಟಿಲ ಕಥೆ ಹೇಳಿದೆ. ಆಮೇಲೆ ಕೆನಡಾ ವಿಷಯ.

"ಎಷ್ಟು ವರ್ಷಕ್ಕೆ?"

"ಮೂರು."

ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ. "ಈಗ ಹೇಳಿದ್ಯಲ್ಲ, ಅವರು ಎಷ್ಟು ವರ್ಷಕ್ಕೆ ಅಂತ ಹೋಗಿದ್ದು?" ಅಂದರು.

ಭಾನುವಾರವಿಡೀ ಲ್ಯಾಪ್‌ಟಾಪ್ ತೆರೆಯಲಿಲ್ಲ.