ಅತ್ತಿಯ ವಹಿ, ನನ್ನ ಆ್ಯಪ್

ನಮ್ಮ ಅತ್ತಿ ಖಡಕ್ ರೊಟ್ಟಿ ಮಾರ್ತಾರ. ಜೋಡಿಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಹುಬ್ಬಳ್ಳಿಯ ನಮ್ಮ ಓಣಿ, ಹಿಂದಿನ ಓಣಿ ಎಲ್ಲಾ ಸೇರಿ 22 ಮನಿ ಖಾಯಂ ಗಿರಾಕಿ. ರೊಕ್ಕ ತಿಂಗಳಿಗೊಮ್ಮೆ. ಲೆಕ್ಕ ಎಲ್ಲಾ ಕೆಂಪು ರಟ್ಟಿನ ಒಂದು ಉದ್ದನ ವಹಿಯಾಗ.

ನಾನು ಮನ್ಯಾಗ ಕುಂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಾಕಿ. ಮಂದಿ ಮಾಡಿದ್ದರಾಗ ತಪ್ಪು ಹುಡುಕೋದ ನನ್ನ ಉದ್ಯೋಗ. (ಸೊಸಿಗೆ ಇದಕ್ಕೂ ಪಗಾರ ಕೊಡ್ತಾರೇನು ಅಂತ ನಮ್ಮ ಮಾವ ನಗ್ತಾರ.) ಹಿಂಗಿದ್ದಾಕಿ ಹೋದ ವರ್ಷ, ‘ಅತ್ತಿ, ಈ ವಹಿ ಬಿಡ್ರಿ, ನಾ ನಿಮಗ ಒಂದು ಆ್ಯಪ್ ಮಾಡಿ ಕೊಡ್ತೀನಿ’ ಅಂದೆ.

ನಾಲ್ಕು ಶನಿವಾರ-ರವಿವಾರ ಕುಂತು ಮಾಡಿದೆ. ಸ್ಕ್ರೀನು, ಲೆಕ್ಕ, ಮೆಸೇಜ್ ಕಳಿಸೋದು, ಎಲ್ಲಾ ಒಂದ ಫೈಲಿನಾಗ ತುಂಬಿದೆ. ರೊಟ್ಟಿ ರೇಟು 8 ರೂಪಾಯಿ ಅಂತ ಒಂದು ಕಡೆ ಇಟ್ಟೆ. ಯಾರು ಎಷ್ಟು ಒಯ್ದಾರ ಅನ್ನೋದನ್ನ ಅದಕ್ಕ ಗುಣಿಸಿದ್ರ ಬಿಲ್ಲು. ಛೊಲೋ ನಡೀತು.

ಮುಂದ ಜ್ವಾಳದ ರೇಟು ಏರಿತು. ಅತ್ತಿ ಒಂದನೇ ತಾರೀಖಿನಿಂದ ರೊಟ್ಟಿಗೆ 10 ಅಂದ್ರು. ನಾನು 8 ಅಳಿಸಿ 10 ಮಾಡಿದೆ, ಹಿಂದಿನ ತಿಂಗಳ ಬಿಲ್ಲು ಎಲ್ಲಾರಿಗೂ ಕಳಿಸಿ ಮಲಕೊಂಡೆ.

ಮರುದಿನ ಮುಂಜಾನೆ ಹಿಂದಿನ ಓಣಿ ಟೀಚರ್ ಬಂದ್ರು. ರಿಟೈರ್ ಆದವರು, ಅತ್ತಿ ಧಂದೆ ಚಾಲೂ ಮಾಡಿದಾಗ ಮೊದಲ ಗಿರಾಕಿ. 600 ರೂಪಾಯಿ ಕಟ್ಟಿ ಮ್ಯಾಲೆ ಇಟ್ಟು, ‘ತಿಂದು ಮುಗಿಸಿದ ರೊಟ್ಟಿಗೂ ರೇಟು ಏರಸ್ತೀರೇನವಾ?’ ಅಂದು ಹೋಗಿಬಿಟ್ರು. ಒಳಗ ಕುಂದರಲಿಲ್ಲ, ಚಾ ಕುಡೀಲಿಲ್ಲ. 60 ರೊಟ್ಟಿಗೆ 480 ಆಗಬೇಕಿತ್ತು. ನಾನು ಒಂದು ಅಂಕಿ ಬದಲಿ ಮಾಡಿದ್ದಕ್ಕ ಹಳೇ ಬಿಲ್ಲೆಲ್ಲಾ ತಾವ ಬದಲಿ ಆಗಿದ್ವು.

ಅತ್ತಿ ನನಗ ಒಂದು ಮಾತೂ ಅನ್ನಲಿಲ್ಲ. ಬೈದಿದ್ರ ಹಗುರ ಆಗ್ತಿತ್ತು. ವಹಿ ಬಗಲಾಗ ಹಿಡಕೊಂಡು, 120 ರೂಪಾಯಿ ಎಣಿಸಿಕೊಂಡು, ಟೀಚರ್ ಮನಿಗೆ ಹೋದ್ರು. ಆಮ್ಯಾಲೆ ಉಳಿದ 21 ಮನಿಗೂ.

ಅವತ್ತ ರಾತ್ರಿ ನಾನು ಆ ವಹಿ ಮೊದಲ ಸಲ ಓದಿದೆ. ಅಲ್ಲಿತನಕ ಬರೇ ನೋಡಿದ್ದೆ. ಪ್ರತಿ ಸಾಲಿನಾಗ ತಾರೀಖು, ಮನಿ, ಎಷ್ಟು ರೊಟ್ಟಿ, ಮತ್ತ ಆವತ್ತಿನ ರೇಟು. ತಪ್ಪಾಗಿದ್ರ ಅಳಿಸಿಲ್ಲ. ಒಂದು ಗೀಟು ಹೊಡದು ಕೆಳಗ ಸರಿ ಬರದಾರ. ಹಳೇದು ಕಾಣಬೇಕು, ಇಲ್ಲಾಂದ್ರ ನಾಳೆ ಜಗಳ ಬಂದಾಗ ಏನು ತೋರಸೋದು? ಗಿರಾಕಿಗೆ ಹೆಸರಲ್ಲ, ನಂಬರ್ ಕೊಟ್ಟಾರ. ಯಾಕಂದ್ರ ಒಂದ ಅಡ್ಡಹೆಸರಿನವರು ಮೂರು ಮನಿ ಅದಾರ. ನಾನು ಫೋನ್ ನಂಬರಿನ ಮ್ಯಾಲೆ ಗುರುತು ಹಿಡದಿದ್ದೆ. ಒಬ್ಬರು ಸಿಮ್ ಬದಲಿ ಮಾಡಿದಾಗ ಆ್ಯಪ್‌ನಾಗ ಅವರು ಹೊಸಾ ಗಿರಾಕಿ, ಹಳೇ ಬಾಕಿ ಮಾಯ.

ಡೇವಿಡ್ ಪಾರ್ನಾಸ್ ಅನ್ನಾವರು 1972ರಾಗ ಒಂದು ಲೇಖನ ಬರದಾರ. ಪ್ರೋಗ್ರಾಮನ್ನ ಯಾವ ಕೆಲಸ ಮೊದಲು, ಯಾವುದು ಆಮ್ಯಾಲೆ ಅಂತ ನೋಡಿ ತುಂಡು ಮಾಡಬ್ಯಾಡ್ರಿ, ಮುಂದ ಯಾವುದು ಬದಲಿ ಆಗಬಹುದೋ ಅದನ್ನ ಒಂದೊಂದು ತುಂಡಿನೊಳಗ ಮುಚ್ಚಿಡ್ರಿ ಅಂತ ಅದರ ಸಾರ. ಕಾಲೇಜಿನಾಗ ಪರೀಕ್ಷಾಕ್ಕ ಓದಿ ಮರತಿದ್ದೆ. ಈಗ ಕೋಡ್ ಮುಟ್ಟೋಕಿಂತ ಮೊದಲು ಅತ್ತಿ ಮುಂದ ಕುಂತು ಕೇಳಿದೆ: ‘ಈ ಧಂದೆಯೊಳಗ ಏನೇನು ಬದಲಿ ಆಗ್ತೈತಿ?’

‘ರೇಟು ಆಗ್ತೈತಿ. ಮಂದಿ ಮನಿ ಬದಲಿ ಮಾಡ್ತಾರ. ಸಂಕ್ರಾಂತಿಗೆ ಸಜ್ಜಿ ರೊಟ್ಟಿ ಬರ್ತಾವು. ಕೊಟ್ಟಿದ್ದು ಮಾತ್ರ ಬದಲಿ ಆಗಂಗಿಲ್ಲವಾ. ಕೊಟ್ಟಿದ್ದು ಕೊಟ್ಟಂಗ.’

ಎರಡನೇ ಆ್ಯಪ್ ಅದರ ಮ್ಯಾಲೆ ಕಟ್ಟಿದೆ. ರೇಟಿಗೆ ಬ್ಯಾರೆ ಪಟ್ಟಿ, ಯಾವತ್ತಿನಿಂದ ಯಾವ ರೇಟು ಅಂತ ತಾರೀಖು ಹಾಕಿ. ಕೊಟ್ಟ ಹೊತ್ತಿನಾಗ ಆ ರೇಟು ಆ ಸಾಲಿನಾಗ ಬರದ ಬಿಡ್ತೈತಿ. ತಪ್ಪು ತಿದ್ದಬೇಕಂದ್ರ ಹೊಸಾ ಸಾಲು, ಅಳಿಸಾಕ ಬಟನ್ ಇಟ್ಟಿಲ್ಲ. ರೊಕ್ಕ ಪೂರಾ ಪೈಸಾದಾಗ ಇಟ್ಟೆ. ಯಾಕಂದ್ರ ದಶಾಂಶ ಕೊಟ್ರ ಕಂಪ್ಯೂಟರ್ 0.1ಕ್ಕ 0.2 ಕೂಡಿಸಿ 0.30000000000000004 ಅಂತೈತಿ. ಚಟ್ನಿ ಪಾವ್ ಕಿಲೋ ಲೆಕ್ಕಕ್ಕ ಅದು ಯಾಕ ಬೇಕು?

ಮೊದಲನೇದನ್ನ ಪೂರಾ ಒಗದೆ. ಫ್ರೆಡ್ ಬ್ರೂಕ್ಸ್ 1975ರ ಪುಸ್ತಕದಾಗ ಮೊದಲನೇದನ್ನ ಒಗಿಯೋ ತಯಾರಿಯಿಂದನ ಕಟ್ರಿ ಅಂದಿದ್ರು. 20 ವರ್ಷದ ಮ್ಯಾಲೆ ತಾವ, ಆ ಮಾತು ಪೂರಾ ಸರಿ ಅಲ್ಲ, ಸಣ್ಣದು ಮಾಡಿ ಬೆಳಸ್ಕೋತ ಹೋಗೋದ ಛೊಲೋ ಅಂತ ತಿದ್ದಿಕೊಂಡ್ರು. ಹಂಗಾಗಿ ಈ ಸಲ ಎರಡು ತಿಂಗಳು ವಹಿ, ಆ್ಯಪ್ ಎರಡೂ ಜೋಡಿ ನಡಿಸಿದ್ವಿ. ಮೊದಲು ಐದು ಮನಿ, ಆಮ್ಯಾಲೆ ಎಲ್ಲಾರೂ. ಮೆಸೇಜ್ ಕಳಿಸೋಕಿಂತ ಮೊದಲು ಅತ್ತಿ ಒಮ್ಮೆ ನೋಡಬೇಕು.

ಟೀಚರ್ ಶ್ರಾವಣದಾಗ ಮತ್ತ ರೊಟ್ಟಿ ಹೇಳಿ ಕಳಿಸಿದ್ರು. ಆವತ್ತು ರಾತ್ರಿ ತಾಳೆ ಹಾಕಿದ್ರ ಎರಡು ರೊಟ್ಟಿ ಕಡಿಮಿ. ಮಾಡಿದ್ದು 150, ಆ್ಯಪ್‌ನಾಗ 148. ವಹಿಯಾಗೂ 148.

‘ಅತ್ತಿ, ಎರಡು ಎಲ್ಲಿ ಹೋದ್ವು?’

‘ಟೀಚರ್‌ಗೆ ಕೊಸರು ಹಾಕೀನಿ.’

‘ಅದಕ್ಕೊಂದು ಕಾಲಂ ಮಾಡ್ಲೇನ್ರಿ?’

‘ಬ್ಯಾಡವಾ,’ ಅಂದ್ರು ಅತ್ತಿ. ‘ಅದನ್ನ ಬರಕೊಂಡ್ರ ಕೊಸರು ಹೆಂಗಾದೀತು?’

ಕಾಲಂ ಮಾಡಲಿಲ್ಲ.