ಓಲೆಕಟ್ಟು ಬಿಚ್ಚಿದ ಪಂಡಿತರು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳೆಯ ಮನೆಗಳ ದೇವರ ಜಗಲಿಯ ಮೇಲೆ ಓಲೆಗರಿಯ ಕಟ್ಟುಗಳನ್ನೂ ಇಟ್ಟು ಪೂಜಿಸುತ್ತಿದ್ದರು. ವಿಭೂತಿ, ಹೂವು, ಊದುಬತ್ತಿ ಎಲ್ಲವೂ ಅವಕ್ಕೆ ಸಲ್ಲುತ್ತಿದ್ದವು. ಬಿಚ್ಚಿ ಓದುವವರೇ ಅಪರೂಪ. ಆ ಕಟ್ಟುಗಳ ಮಾತು ಬಂದರೆ ನನ್ನ ಮನಸ್ಸು ನೇರ ಮೈಸೂರಿಗೆ, ರುದ್ರಪಟ್ಟಣದ ಶಾಮಶಾಸ್ತ್ರಿಗಳ ಹತ್ತಿರ ಹೋಗುತ್ತದೆ.

1868ರಲ್ಲಿ ಹುಟ್ಟಿದ ಶಾಸ್ತ್ರಿಗಳು ಸಂಸ್ಕೃತದಲ್ಲಿ ಪಳಗಿದ ವಿದ್ವಾಂಸರು. ಕೆಲಸ ಸಿಕ್ಕಿದ್ದು 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ. 1916ರಲ್ಲಿ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಇಷ್ಟು ಓದಿದವರು ಕಪಾಟು ಕಾಯುತ್ತ ಕೂರಬೇಕೇ ಎನ್ನುವವರು ಈಗಲೂ ಇದ್ದಾರೆ. ನಾನಂತೂ ಒಪ್ಪುವುದಿಲ್ಲ. ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಮಸಿ ತುಂಬಿ, ಮಾಸಿದ ಅಕ್ಷರ ಎಬ್ಬಿಸಿದ ಮೇಲೆ ಇದು ಯಾವ ಗ್ರಂಥ ಎಂದು ಹೇಳಲು ಪಂಡಿತನೇ ಬೇಕು.

1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಕಟ್ಟನ್ನು ಲೈಬ್ರರಿಗೆ ಕೊಟ್ಟರು. ಶಾಸ್ತ್ರಿಗಳು ಓದಿ ನೋಡಿದರು: ಕೌಟಿಲ್ಯನ ಅರ್ಥಶಾಸ್ತ್ರ! ಅದುವರೆಗೆ ಬೇರೆಯವರು ಉದ್ಧರಿಸಿದ ಮಾತುಗಳಲ್ಲಷ್ಟೇ ಜಗತ್ತಿಗೆ ಗೊತ್ತಿದ್ದ ಗ್ರಂಥ. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಯಿತು. ತೂಕ, ಅಳತೆ, ಸುಂಕ, ಗಣಿ, ಆನೆಗಳ ಆರೈಕೆ ಎಂದು ತುಂಬಿಹೋದ ಆ ಗ್ರಂಥದ ಒಂದೊಂದು ಪಾರಿಭಾಷಿಕ ಪದಕ್ಕೂ ಅವರು ಎಷ್ಟು ತಿಣುಕಿರಬೇಕು!

ವಿಜಯಪುರಕ್ಕೂ ಪುಸ್ತಕಭಾಗ್ಯವೇನು ಕಡಿಮೆ ಇರಲಿಲ್ಲ ನೋಡ್ರಿ. ಅಸರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಕಾಲದ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಅಲ್ಲಿ ಜೋಪಾನವಾಗಿವೆ, ಸರಿ. ನನಗೆ ಮಾತ್ರ ಆ ಸಂಕಟ ಹೋಗಿಲ್ಲ.

ಜಗಲಿಯ ಕಟ್ಟುಗಳ ಪುಣ್ಯಕ್ಕೆ ಫ. ಗು. ಹಳಕಟ್ಟಿಯವರು ಬಂದರು. ಅವರು ವಕೀಲರು, ಗ್ರಂಥಪಾಲಕರ ಸಂಬಳ ಅವರಿಗೆ ಯಾರೂ ಕೊಡಲಿಲ್ಲ. ಊರೂರು ತಿರುಗಿ ವಚನದ ಓಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಅಚ್ಚಿಗೆ ಪರದಾಡುವುದು ಬೇಡವೆಂದು 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷವೇ 'ಶಿವಾನುಭವ' ಪತ್ರಿಕೆ. ಶಾಸ್ತ್ರಿಗಳಿಗೆ ಲೈಬ್ರರಿ ಇತ್ತು. ಇವರು ಸ್ವಂತ ಮನೆಯನ್ನೇ ಮಾರಿ ಈ ಕೆಲಸ ನಡೆಸಿದರು.

ನಿಮ್ಮ ಅಟ್ಟದ ಮೇಲೆ ಇನ್ನೂ ಒಂದು ಕಟ್ಟು ಉಳಿದಿದ್ದರೆ, ದಯವಿಟ್ಟು ಹಳೆಯ ಲಿಪಿ ಬಲ್ಲವರಿಗೆ ಈ ವರ್ಷವೇ ತೋರಿಸ್ರಿ.